ಕಿವಿಗಡ್ಡೆಯ ಹೊಲ

ನಮ್ಮವರು ಯಾರು, ಹೊರಗಿನವರು ಯಾರು ಎಂಬುದು ಮನುಷ್ಯರಿಗೇ ತಿಳಿಯದಾದಾಗ ಅದನ್ನು ತಿಳಿಯುವ ಕೆಲಸವನ್ನು ಗೆಣಸಿನ ಗಾತ್ರದ ಒಂದು ಯಂತ್ರಕ್ಕೆ ಒಪ್ಪಿಸಿದರು. ಮಣ್ಣಿನೊಳಗೆ ಹೂತಿಟ್ಟರೆ ಅದು ಮೇಲೆ ಓಡಾಡುವವರ ಹೆಜ್ಜೆ ಸದ್ದನ್ನು ಆಲಿಸುತ್ತ ಕೂರುತ್ತಿತ್ತು. ನಮ್ಮವರ ಹೆಜ್ಜೆಯಾದರೆ ಸುಮ್ಮನಿರುತ್ತಿತ್ತು, ಅಲ್ಲವಾದರೆ ಸಿಡಿಯುತ್ತಿತ್ತು. ಸೈನ್ಯದವರು ಅದಕ್ಕೆ ಅಂಕಿ ಅಕ್ಷರ ಸೇರಿಸಿ ಉದ್ದನೆಯ ಹೆಸರಿಟ್ಟಿದ್ದರು. ಹೊಳೆಯ ಎರಡೂ ದಂಡೆಯ ಜನ ಮಾತ್ರ ಅದನ್ನು ಕಿವಿಗಡ್ಡೆ ಎಂದು ಕರೆದರು.

ಕಿವಿಗಡ್ಡೆ ಹುಟ್ಟುವ ಮೊದಲು ಒಂದು ಸರಕಾರ ಸಾಯಬೇಕಾಯಿತು. ಮಹಾಮಂಡಲ ಎಂಬ ಆ ದೊಡ್ಡ ರಾಜ್ಯ ಯಾವ ದಿನ ಬಿತ್ತು ಎಂದು ಕೇಳಿದರೆ ಯಾರೂ ಹೇಳಲಾರರು. ಮೊದಲು ರಾಜಧಾನಿಯಿಂದ ಕರೆಂಟು ಬರುವುದು ನಿಂತಿತು, ಆಮೇಲೆ ಔಷಧಿ, ಆಮೇಲೆ ಅಧಿಕಾರಿಗಳು. ಕೊನೆಗೆ ಸುಳ್ಳು ಭರವಸೆಗಳೂ ಬರುವುದು ನಿಂತಾಗ ಜನಕ್ಕೆ ಖಾತ್ರಿಯಾಯಿತು. ತೆಂಕಣ ದಂಡೆಯವರು ನಮ್ಮದು ಬೇರೆ ನಾಡು ಎಂದು ಬಾವುಟ ಏರಿಸಿದರು. ಬಡಗಣ ದಂಡೆಯವರು ಹೊಳೆ ಯಾರಪ್ಪನ ಆಸ್ತಿ ಎಂದು ಕೇಳಿದರು. ಆರು ವರ್ಷ ಬಡಿದಾಡಿದರು. ಯಾರೂ ಗೆಲ್ಲಲಿಲ್ಲ, ಎರಡೂ ಕಡೆ ಹೊಡೆಯುವ ಕೈ ಕಡಿಮೆಯಾದವು, ಅಷ್ಟೆ.

ಯುದ್ಧದ ಕೊನೆಯ ವರ್ಷಗಳಲ್ಲಿ ಬಡಗಣ ದಂಡೆಯ ಹಿರೇಬೂದೂರು ತೆಂಕಣದವರ ವಶದಲ್ಲಿತ್ತು. ಊರಿನ ಎರೆಹೊಲಗಳಿಗೆ ತಮ್ಮ ರೈತರನ್ನು ತಂದು ಬಿತ್ತಿಸಬೇಕು ಎಂಬುದು ಅವರ ಲೆಕ್ಕಾಚಾರ. ಅದಕ್ಕಾಗಿ ಗಡ್ಡೆಗಳಿಗೆ ತಮ್ಮ ಕಡೆಯ ಬಿತ್ತನೆಯ ಸದ್ದು ಕಲಿಸಿ ಹೊಲದ ತುಂಬ ಹೂತಿದ್ದರು. ಎತ್ತು, ಅವು ಎಳೆಯುವ ಬಿತ್ತನೆಯ ಕೂರಿಗೆ, ಎತ್ತು ಹೊಡೆಯುವವನು, ಹಿಂದೆ ಬೀಜ ಬಿಡುವ ಹೆಂಗಸು, ಈ ನಾಲ್ಕರ ಸದ್ದು ಕೂಡಿ ಕೇಳಿದರೆ ಗಡ್ಡೆ ಸಿಡಿಯುವುದಿಲ್ಲ. ಅಷ್ಟೇ ಅಲ್ಲ, ನಮ್ಮವರು ಬಂದರು ಎಂದು ಪಕ್ಕದ ಗಡ್ಡೆಗೆ ಮಣ್ಣಿನಲ್ಲೇ ಮಿಡಿದು ಹೇಳುತ್ತದೆ. ಹೀಗೆ ಒಂದರಿಂದೊಂದಕ್ಕೆ ಸುದ್ದಿ ಮುಟ್ಟಿ ಇಡೀ ಹೊಲವೇ ನಿದ್ದೆ ಹೋಗುತ್ತದೆ. ಕದನವಿರಾಮವಾದ ಮೇಲೆ ತೆಂಕಣದವರು ಇದನ್ನೆಲ್ಲ ತಾವಾಗಿಯೇ ಹೇಳಿದರು. ದಂಡೆಯ ಮೇಲೆ ಮೈಕು ಕಟ್ಟಿ, ಕೂರಿಗೆ ಹೂಡಿ ಬಿತ್ತಿರಿ, ಏನೂ ಆಗುವುದಿಲ್ಲ ಎಂದು ಸಾರಿದರು.

ಅದನ್ನು ನಂಬಿ ಮೊದಲು ಹೊಲಕ್ಕಿಳಿದವನು ನೀಲವ್ವನ ಮಗ ಬಸಲಿಂಗ. ಬೀಜ ಬಿಡಲು ಅವನ ಹೆಂಡತಿ ಹೋಗಿದ್ದಳು. ಮೊದಲ ಸಾಲು ಅರ್ಧವಾಗುವಷ್ಟರಲ್ಲಿ ಇಬ್ಬರೂ ಹೋದರು, ಬಲಗಡೆಯ ಎತ್ತೂ ಹೋಯಿತು. ಅಂದಿನಿಂದ ಹಿರೇಬೂದೂರಿನಲ್ಲಿ ತೆಂಕಣದವರ ಮಾತು ಎಂದರೆ ಕೊರಳು ಕೊಯ್ಯುವ ಮಾತು ಎಂದೇ ಅರ್ಥ.

ಬಸಲಿಂಗನ ಅಕ್ಕ ಮಹಾನಂದಾ ಕಂಪನಗಳ ವಿಷಯ ಓದಿದವಳು. ಯುದ್ಧಕ್ಕೆ ಮೊದಲು ಅಣೆಕಟ್ಟಿನ ಗೋಡೆಗಳ ನಡುಕ ಅಳೆಯುತ್ತಿದ್ದಳು. ತಮ್ಮ ಸತ್ತ ಮೇಲೆ ಊರಿಗೆ ಬಂದು, ಎರಡೂ ದಂಡೆಯವರು ಕೂಡಿ ಹಳೆಯ ಹತ್ತಿ ಗಿರಣಿಯಲ್ಲಿ ತೆರೆದಿದ್ದ ಬಯಲು ತೆರವು ಕೇಂದ್ರಕ್ಕೆ ಸೇರಿದ್ದಳು. ಎರಡು ವರ್ಷವಾದರೂ ಒಂದು ಹೊಲವೂ ತೆರವಾಗಿರಲಿಲ್ಲ. ಗಡ್ಡೆಯಲ್ಲಿ ಲೋಹವಿಲ್ಲ, ಸುಟ್ಟ ಮಣ್ಣಿನ ಕವಚ, ಹಾಗಾಗಿ ಹುಡುಕುವ ಯಂತ್ರಗಳಿಗೆ ಸಿಗುವುದಿಲ್ಲ. ದನ ಬಂದರೂ ಟ್ರಾಕ್ಟರು ಬಂದರೂ ಮಿಸುಕುವುದಿಲ್ಲ, ಮನುಷ್ಯನಿಗಾಗಿಯೇ ಕಾಯುತ್ತದೆ. ಅಗೆಯಲು ಹೋದರೆ ಸಿಡಿಯುತ್ತದೆ. ಬ್ಯಾಟರಿ ಮುಗಿಯಲಿ ಎಂದು ಕಾಯೋಣವೆಂದರೆ ಅದು ಮಣ್ಣಿನ ಸೂಕ್ಷ್ಮಜೀವಿಗಳಿಂದಲೇ ವಿದ್ಯುತ್ ಹೀರಿಕೊಂಡು ಬದುಕುತ್ತದೆ. ಮಣ್ಣು ಇರುವಷ್ಟು ದಿನ ಅದೂ ಇರುತ್ತದೆ. ಇಷ್ಟು ಬುದ್ಧಿಯನ್ನು ಹೊಟ್ಟೆ ತುಂಬಿಸುವ ಕೆಲಸಕ್ಕೆ ಬಳಸಿದ್ದರೆ ಯುದ್ಧವೇ ಬೇಕಾಗುತ್ತಿರಲಿಲ್ಲವೋ ಏನೋ.

ಈಗ ಹಿಂಗಾರಿನ ಮಳೆ ಬಿದ್ದು ಬಿಳಿಜೋಳ ಬಿತ್ತುವ ಹದ ಬಂದಿತ್ತು. ಈ ಹದ ತಪ್ಪಿದರೆ ಹಿರೇಬೂದೂರಿನ ಕತೆ ಮುಗಿದಂತೆ. ನೆರವಿನ ಕಾಳು ಇನ್ನು ಬರುವುದಿಲ್ಲ, ಊರವರನ್ನೆಲ್ಲ ದೂರದ ಗುಡ್ಡದ ಶಿಬಿರಕ್ಕೆ ಸಾಗಿಸಿ ಊರನ್ನು ಶಾಶ್ವತವಾಗಿ ಮುಚ್ಚುವುದು ಎಂದು ಎರಡೂ ಸರಕಾರಗಳು ತೀರ್ಮಾನಿಸಿದ್ದವು. ಕದನವಿರಾಮವಾದ ಮೇಲೆ ಅವು ಇಷ್ಟು ಬೇಗ ಒಮ್ಮತಕ್ಕೆ ಬಂದ ಮೊದಲ ವಿಷಯ ಇದು. ನೀಲವ್ವ ಮಾತ್ರ ಮಗ ಬಿದ್ದ ಮಣ್ಣು ಬಿಟ್ಟು ಎಲ್ಲಿಗೂ ಬರುವುದಿಲ್ಲ, ಶಿಬಿರದ ಲಾರಿ ಬಂದ ದಿನ ನಾನೂ ಹೊಲಕ್ಕಿಳಿಯುತ್ತೇನೆ ಎಂದು ಮಗಳಿಗೆ ಹೇಳಿಬಿಟ್ಟಿದ್ದಳು. ಅವಳು ಆಡಿದ ಮಾತು ಮಾಡುವವಳು. ಮಹಾನಂದಾಗೆ ಊಟ ಸೇರುತ್ತಿರಲಿಲ್ಲ.

ಗಿರಣಿಯ ನಡುಮನೆಯಲ್ಲಿ ಎರೆಮಣ್ಣು ತುಂಬಿದ ದೊಡ್ಡ ತೊಟ್ಟಿಯಿತ್ತು. ತೆಂಕಣ ಸೈನ್ಯದವರು ಹೂಳದೆ ಉಳಿಸಿದ್ದ ಒಂದು ಗಡ್ಡೆಯನ್ನು ಮದ್ದು ತೆಗೆದು ಅದರಲ್ಲಿ ಹೂತಿದ್ದರು. ಮದ್ದಿಲ್ಲದಿದ್ದರೂ ಅದರ ಮಿದುಳು ಜೀವಂತವಾಗಿತ್ತು. ಅದು ಆಲಿಸುವಾಗ ಸಣ್ಣಗೆ ಟಿಕ್ ಟಿಕ್ ಎಂದು ಮಿಡಿಯುವುದು ಸ್ಪೀಕರಿನಲ್ಲಿ ಕೇಳುತ್ತಿತ್ತು. ತೊಟ್ಟಿಯ ಮೇಲೆ ನಡೆದವರು ಶತ್ರು ಎಂದು ಅನಿಸಿದರೆ ಟಿಕ್ಕುಗಳು ಒಂದರ ಮೇಲೊಂದು ಬಿದ್ದು ಕೊನೆಗೆ ಒಂದೇ ಕೀರಲು ದನಿಯಾಗುತ್ತಿತ್ತು. ಇಷ್ಟು ದಿನವೂ ಕೇಳಿದ್ದು ಆ ಕೀರಲು ದನಿಯೇ. ಮರದ ಚೌಕಟ್ಟಿಗೆ ಮಣ್ಣು ಸೀಳುವ ಕಬ್ಬಿಣದ ತಾಳು ಕಟ್ಟಿ ಕೂರಿಗೆಯಂತೆ ಎಳೆದು ನೋಡಿದ್ದರು, ಎತ್ತಿನ ಹೆಜ್ಜೆಯ ಸದ್ದು ಸೇರಿಸಿದ್ದರು. ಗಡ್ಡೆ ಒಪ್ಪಿರಲಿಲ್ಲ.

ಮಹಾನಂದಾಳ ಜೊತೆ ಅಲ್ಲಿ ಕೆಲಸ ಮಾಡುತ್ತಿದ್ದವನು ತೆಂಕಣ ದಂಡೆಯ ಮೌನುದ್ದೀನ. ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಇದ್ದಬದ್ದ ತಂತಿಗಳನ್ನು ಜೋಡಿಸುತ್ತ, ಟೀ ಆರಿಹೋಗುವವರೆಗೂ ಸ್ಪೀಕರಿಗೆ ಕಿವಿ ಕೊಟ್ಟು ಕೂರುತ್ತಿದ್ದ. ನಕಲಿ ಕೂರಿಗೆಯಿಂದ ಆಗುವುದಿಲ್ಲ, ರೈತರು ಬಳಸಿದ ನಿಜವಾದ ಕೂರಿಗೆ ಬೇಕು ಎಂದು ಹೇಳಿದವನು ಅವನೇ. ಊರಿನ ಕೂರಿಗೆಗಳೆಲ್ಲ ಯುದ್ಧದಲ್ಲಿ ಸೌದೆಯಾಗಿದ್ದವು. ಉಳಿದದ್ದು ನೀಲವ್ವನ ಮನೆಯದೊಂದೇ. ಬಸಲಿಂಗನ ಜೊತೆಗೆ ಹೊಲದಲ್ಲಿ ಚೂರಾದದ್ದು ಅವನ ಮಾವನ ಮನೆಯಿಂದ ತಂದದ್ದಾಗಿತ್ತು.

ಮರುದಿನ ಬೆಳಗ್ಗೆ ಮಹಾನಂದಾ ಅವನನ್ನು ಕರೆದುಕೊಂಡು ಮನೆಗೆ ಹೋದಳು. ಅವನು ಅಂಗಳದಾಚೆ ಬೇವಿನ ಮರದ ಕೆಳಗೇ ನಿಂತ. ನೀಲವ್ವ ಒಳಗಿನಿಂದಲೇ ಯಾರು ಎಂದು ಕೇಳಿದಳು. ಮಗಳು ಬಾಯಿ ತೆರೆಯುವ ಮೊದಲು ಅವನೇ ಹೇಳಿದ.

"ನಾನ್ರೀ ಅವ್ವಾರ, ಕೇಂದ್ರದಾಗ ಕೆಲಸ ಮಾಡ್ತೀನಿ. ಕೂರಿಗಿ ಒಯ್ಯಾಕ ಬಂದೀವಿ."

ಕಾಳು ಹಸನು ಮಾಡುತ್ತಿದ್ದ ಮೊರದ ಸದ್ದು ನಿಂತಿತು. ನೀಲವ್ವ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಬಾಗಿಲಿಗೆ ಬಂದಳು.

"ಈ ದನಿ ನಾ ಕೇಳೀನಿ," ಎಂದಳು. "ಏನೂ ಆಗೂದಿಲ್ಲ ಬಿತ್ತ್ರಿ ಅಂತ ಮೈಕಿನ್ಯಾಗ ಒದರಿದ ದನಿ ಇದು."

ಮೌನುದ್ದೀನ ಅಲ್ಲಗಳೆಯಲಿಲ್ಲ. ನೀಲವ್ವ ಬಯ್ಯಲಿಲ್ಲ, ಅಳಲಿಲ್ಲ. ಇವನ ನೆರಳು ನನ್ನ ಅಂಗಳದಾಗ ಬೀಳಬಾರದು ಎಂದು ಮಗಳಿಗೆ ಹೇಳಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ಮಹಾನಂದಾಗೂ ಇದು ಹೊಸ ಸುದ್ದಿ. ಎರಡು ವರ್ಷದಿಂದ ಪಕ್ಕದಲ್ಲೇ ಕೂತು ಚುರುಮುರಿ ಹಂಚಿಕೊಂಡವನು ಇವನೇ, ತಮ್ಮನನ್ನು ಹೊಲಕ್ಕೆ ಕರೆದ ದನಿಯೂ ಇವನದೇ. ಅವನ ಮುಖ ನೋಡಲಾಗದೆ ಅವಳು ಕೊಟ್ಟಿಗೆಗೆ ಹೋದಳು.

ಕೂರಿಗೆ ಅಟ್ಟದ ಮೇಲಿತ್ತು. ವರ್ಷ ವರ್ಷ ಅರಿಶಿನ ಕುಂಕುಮ ಹಚ್ಚಿ ಅದರ ಮರ ಕೆಂಪಗಾಗಿತ್ತು. ಅದನ್ನು ಎರಡೂ ಕೈಯಲ್ಲಿ ಇಳಿಸಿ ಹೆಗಲಿಗೇರಿಸಿಕೊಂಡು ಹೊರಡುವಾಗ ಕಾಲಿಗೆ ನೆಲ ತಣ್ಣಗೆ ತಾಕಿತು. ಅವಳು ಕೆಳಗೆ ನೋಡಿದಳು. ಕೊಟ್ಟಿಗೆಯ ಬಾಗಿಲಲ್ಲಿ ಅವಳ ಬೂಟುಗಳು ಬಿದ್ದಿದ್ದವು. ಯಾವಾಗ ಬಿಚ್ಚಿದಳೋ ಅವಳಿಗೇ ಗೊತ್ತಿರಲಿಲ್ಲ. ಕೂರಿಗೆ ಮುಟ್ಟುವಾಗ, ಬಿತ್ತುವ ಹೊಲಕ್ಕೆ ಇಳಿಯುವಾಗ ಕಾಲಲ್ಲಿ ಏನೂ ಇರಬಾರದು. ಚಿಕ್ಕಂದಿನಲ್ಲಿ ಒಮ್ಮೆ ಮರೆತು ಅಪ್ಪನ ಕೈಯಲ್ಲಿ ಏಟು ತಿಂದಿದ್ದಳು. ಅದು ತಲೆಯಲ್ಲಿ ಇರುವ ಸಂಗತಿಯಲ್ಲ, ಕಾಲಿಗೇ ಗೊತ್ತಿರುವ ಸಂಗತಿ.

ಅವಳು ಕೂರಿಗೆ ಹಿಡಿದೇ ಅಂಗಳಕ್ಕೆ ಬಂದಳು. ಬಸಲಿಂಗ ಅಂದು ಕಾಲಿಗೆ ಏನು ಹಾಕಿಕೊಂಡಿದ್ದ ಎಂದು ತಾಯಿಯನ್ನು ಕೇಳಿದಳು.

"ನೆರವಿನವರು ಕೊಟ್ಟ ಕರೇ ಬೂಟು," ಎಂದಳು ನೀಲವ್ವ ಗೋಡೆಯ ಕಡೆಗೇ. "ಗಂಡ ಹೆಂಡ್ತಿ ಇಬ್ರೂ. ಬದುವಿನ ಮ್ಯಾಲ ಬಿಡ್ರೋ ಅಂದೆ. ಬೀಳುಬಿದ್ದ ಹೊಲ, ಜಾಲಿ ಮುಳ್ಳು ಬೆಳೆದಾವ, ಇವತ್ತೊಂದಿನ ಇರ್ಲಿ ಬಿಡಬೇ ಅಂದ."

ತೊಟ್ಟಿಯ ಮೇಲೆ ನಡೆದವರೂ ಇಷ್ಟು ದಿನ ಬೂಟು ಹಾಕಿಯೇ ನಡೆದಿದ್ದರು. ಕೇಂದ್ರದೊಳಗೆ ಸಿಡಿತ ತಡೆಯುವ ಬೂಟಿಲ್ಲದೆ ಯಾರೂ ಕಾಲಿಡಬಾರದು ಎಂಬುದು ನಿಯಮ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅದನ್ನು ಎಲ್ಲರೂ ಪಾಲಿಸುವಂತೆ ನೋಡಿಕೊಂಡಿದ್ದವಳು ಮಹಾನಂದಾಳೇ.

ಬರಿಗಾಲಲ್ಲೇ ಗಿರಣಿಗೆ ಬಂದ ಅವಳು ಅವನಿಗೂ ಬೂಟು ಕಳಚು ಎಂದಳು. ಅವನು ಕೂರಿಗೆ ಎಳೆದ, ಎತ್ತಿನ ಸದ್ದನ್ನು ಯಂತ್ರ ಕೊಟ್ಟಿತು, ಅವಳು ಹಿಂದೆ ಬರಿಗಾಲಲ್ಲಿ ನಡೆದಳು. ಸ್ಪೀಕರಿನಲ್ಲಿ ಟಿಕ್ ಟಿಕ್ ಜೋರಾಯಿತು. ತೊಟ್ಟಿಯ ಆ ಕೊನೆ ಮುಟ್ಟಿ ತಿರುಗಿ ಬಂದರು, ಮತ್ತೆ ಹೋದರು. ಟಿಕ್ಕುಗಳು ದೂರ ದೂರವಾದವು. ಆಮೇಲೆ ಒಂದು ಹೊಸ ಸದ್ದು ಕೇಳಿತು, ಮೂರು ಮೆಲ್ಲನೆಯ ಮಿಡಿತ. ನಮ್ಮವರು ಬಂದರು ಎಂದು ಪಕ್ಕದವರಿಗೆ ಹೇಳುವ ಸದ್ದು ಅದು. ಪಕ್ಕದಲ್ಲಿ ಯಾರೂ ಇರಲಿಲ್ಲ. ಗಡ್ಡೆ ಸುಮ್ಮನಾಯಿತು.

ಮೌನುದ್ದೀನ ತೊಟ್ಟಿಯ ಅಂಚಿಗೆ ಕೂತುಬಿಟ್ಟ. ಅಂದು ಅವನು ಆಡಿದಷ್ಟು ಮಾತು ಹಿಂದೆಂದೂ ಆಡಿರಲಿಲ್ಲ. ಯುದ್ಧದ ನಡುವೆ ಅವರ ಹೊಲಕ್ಕೆ ಸೈನ್ಯದ ಇಂಜಿನಿಯರುಗಳು ಬಂದಿದ್ದರಂತೆ. ಮಣ್ಣಲ್ಲಿ ತಂತಿ ಹೂತು, ಆಗಲೇ ಬಿತ್ತಿದ್ದ ಹೊಲವನ್ನೇ ಮತ್ತೆ ಮತ್ತೆ ಬಿತ್ತಿಸಿದರಂತೆ. ಬೀಜ ಹಾಳಾಗುತ್ತದೆ ಎಂದು ಅವನ ತಾಯಿ ಬೀಬಿಜಾನ್ ಗೊಣಗಿ, ಕೊನೆಗೆ ಉಡಿಯಲ್ಲಿ ಮರಳು ತುಂಬಿಕೊಂಡು ಕೂರಿಗೆಯ ಹಿಂದೆ ನಡೆದಳಂತೆ. ಮುಂದೆ ಎತ್ತು ಹೊಡೆದವನು ಇವನೇ. ಇಬ್ಬರೂ ಕಾಲಿಂದ ಕಳಚಿದ ಕೆರಗಳು ಬದುವಿನ ಮೇಲಿದ್ದವು. ಅದು ಹೇಳಬೇಕಾದ ವಿಷಯ ಎಂದು ಅವರಿಗೂ ಅನಿಸಲಿಲ್ಲ, ಪೇಟೆಯಿಂದ ಬಂದ ಇಂಜಿನಿಯರುಗಳು ತಂತಿ ನೋಡಿದರೇ ಹೊರತು ಕಾಲು ನೋಡಲಿಲ್ಲ. ಎಲ್ಲ ಗಡ್ಡೆಗಳಿಗೂ ಕಲಿಸಿದ್ದು ಆ ಒಂದೇ ನಡಿಗೆ. ಅದೇ ವರ್ಷ ಬಡಗಣದವರ ಗುಂಡಿನ ಮಳೆಗೆ ಬೀಬಿಜಾನ್ ಸತ್ತಳು.

"ನನಗ ಖರೇನ ನಂಬಿಕಿ ಇತ್ತು ಅಕ್ಕಾರ," ಎಂದ. "ನಮ್ಮವ್ವನ ಹೆಜ್ಜಿ ಯಾರನ್ನೂ ಕೊಲ್ಲೂದಿಲ್ಲ ಅಂತ ಗೊತ್ತಿತ್ತು. ಅದಕ್ಕ ಮೈಕು ನಾನ ಹಿಡಿದಿದ್ದೆ. ಆಮ್ಯಾಲ ಹಂಗಾತು. ಯಾಕ ಆತು ಅಂತ ತಿಳೀಲಿಕ್ಕೇ ಈ ಕೆಲಸಕ್ಕ ಬಂದೆ."

ಮಹಾನಂದಾಗೆ ಅವನ ಮೇಲೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅದರ ಜಾಗದಲ್ಲಿ ದೊಡ್ಡ ದುಃಖ ಬಂದು ಕೂತಿತು. ಬೇರೆ ಬೇರೆ ಎಂದು ಆರು ವರ್ಷ ಕಡಿದಾಡಿದ್ದರು. ಗಡ್ಡೆಗೆ ಅವಳ ಹೆಜ್ಜೆಗೂ ಬೀಬಿಜಾನಳ ಹೆಜ್ಜೆಗೂ ವ್ಯತ್ಯಾಸವೇ ಸಿಕ್ಕಿರಲಿಲ್ಲ.

ಕೇಂದ್ರದ ಮುಖ್ಯಸ್ಥ ದೇಸಾಯರು ಲೆಕ್ಕವೆಲ್ಲ ನೋಡಿ ಸರಿ ಎಂದರು, ಹೊಲಕ್ಕೆ ಬರಿಗಾಲಲ್ಲಿ ಇಳಿಯುವ ಮಾತಿಗೆ ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಸಿಡಿಮದ್ದಿನ ಹೊಲಕ್ಕೆ ಬರಿಗಾಲಲ್ಲಿ ಮನುಷ್ಯರನ್ನು ಕಳಿಸಿದ ಅಧಿಕಾರಿ ಪ್ರಪಂಚದಲ್ಲೇ ಇಲ್ಲ, ಆ ಕೀರ್ತಿ ನನಗೆ ಬೇಡ ಎಂದರು. ತೊಟ್ಟಿಯ ಒಂದು ಗಡ್ಡೆ ಮಲಗಿದರೆ ಹೊಲದ ಸಾವಿರ ಗಡ್ಡೆ ಮಲಗುತ್ತವೆ ಎಂಬುದಕ್ಕೆ ಆಧಾರವೇನು ಎಂದು ಕೇಳಿದರು. ಮಹಾನಂದಾ ಆಧಾರವಿಲ್ಲ ಎಂದು ಒಪ್ಪಿಕೊಂಡಳು. ಆದರೆ ಶಿಬಿರದ ಲಾರಿ ಬಂದ ದಿನ ತನ್ನ ತಾಯಿ ಹೊಲಕ್ಕಿಳಿಯುತ್ತಾಳೆ, ಕೂರಿಗೆಯೂ ಇಲ್ಲದೆ, ಒಬ್ಬಳೇ. ಅದಕ್ಕಿಂತ ಇದು ಮೇಲಲ್ಲವೆ ಎಂದಳು. ದೇಸಾಯರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಯಿತು, ಆದರೆ ನಾನೂ ಬದುವಿನ ಮೇಲೆ ನಿಂತಿರುತ್ತೇನೆ ಎಂದರು.

ಸಂಜೆ ಅವಳು ತಾಯಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ನೀಲವ್ವ ಕೇಳಿಸಿಕೊಂಡಳು. ಮತ್ತೊಮ್ಮೆ ಹೇಳು ಎಂದಳು. ಮಹಾನಂದಾ ಮತ್ತೊಮ್ಮೆ ಹೇಳಿದಳು.

"ಅಂದ್ರ ಅವರು ಸುಳ್ಳು ಹೇಳಿರ್ಲಿಲ್ಲೇನ?"

"ಇಲ್ಲಬೇ. ಖರೇನ ಹೇಳಿದ್ರು. ಅವರಿಗೂ ಗೊತ್ತಿರ್ಲಿಲ್ಲ."

ಎರಡು ವರ್ಷ ನೀಲವ್ವನನ್ನು ಎದ್ದು ನಿಲ್ಲಿಸಿದ್ದು ದ್ವೇಷ. ಅದನ್ನು ಒಮ್ಮೆಗೇ ಕಿತ್ತುಕೊಂಡರೆ ಮನುಷ್ಯ ಎಲ್ಲಿ ಒರಗಬೇಕು? ಅವಳು ಮಗ ಸತ್ತ ದಿನವೂ ಅಳದಷ್ಟು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಬೀಜ ಬಿಡಲು ನಾನೇ ಹೋಗುತ್ತೇನೆ ಎಂದು ಎದ್ದಳು. ಎದ್ದು ನಡೆಯುವಾಗ ಮೊಣಕಾಲು ಸೆಳೆದು ಒಂದು ಕಾಲು ಎಳೆಯುತ್ತಿತ್ತು. ಕುಂಟುವ ನಡಿಗೆ ಗಡ್ಡೆಗೆ ಗೊತ್ತಿಲ್ಲ, ಅದಕ್ಕೆ ಗೊತ್ತಿಲ್ಲದವರೆಲ್ಲ ಶತ್ರುಗಳು ಎಂದು ಮಗಳು ತಿಳಿಸಿದಳು. ಹಾಗಾದರೆ ನೀನೇ ಹೋಗಬೇಕು ಎಂದು ನೀಲವ್ವ ಅಂಗಳದಲ್ಲಿ ಅವಳನ್ನು ನಡೆಸತೊಡಗಿದಳು. ಉಡಿಯಿಂದ ಬೀಜ ತೆಗೆಯುವಾಗ ಹೆಜ್ಜೆ ತಡವರಿಸಬಾರದು, ಕೂರಿಗೆಯ ಬಟ್ಟಲಿಗೆ ಬಿಡುವಾಗ ಮೈ ಮುಂದೆ ವಾಲಬಾರದು. ಓದಿದವಳ ನಡಿಗೆ ಬಾತುಕೋಳಿಯ ಹಾಗಿದೆ ಎಂದು ಚೇಷ್ಟೆಯನ್ನೂ ಮಾಡಿದಳು. ಆ ಮನೆಯಲ್ಲಿ ಯಾರಾದರೂ ಚೇಷ್ಟೆಯ ಮಾತಾಡಿ ಎರಡು ವರ್ಷವಾಗಿತ್ತು.

ಎತ್ತಿನದೇ ಒಂದು ಪ್ರಸಂಗವಾಯಿತು. ನೀಲವ್ವನ ಬಳಿ ಉಳಿದದ್ದು ಎಡಗಡೆಯ ಎತ್ತು. ಬಲಗಡೆಗೆ ಮೌನುದ್ದೀನ ತನ್ನ ಊರಿನಿಂದ ದೋಣಿಯಲ್ಲಿ ಒಂದನ್ನು ದಾಟಿಸಿ ತಂದ. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದಾಗ ಒಂದು ಬಡಗಲಿಗೆ ಎಳೆಯಿತು, ಇನ್ನೊಂದು ತೆಂಕಲಿಗೆ. ನಮ್ಮ ಸರಕಾರಗಳಿಗಿಂತ ವಾಸಿ, ಕೊಂಬು ಬೀಸಲಿಲ್ಲ ಎಂದರು ದೇಸಾಯರು. ಗಿರಣಿಯ ಅಂಗಳದಲ್ಲಿ ಸುತ್ತಾಡಿಸಿ ಸುತ್ತಾಡಿಸಿ ಅವುಗಳ ಹೆಜ್ಜೆ ಕೂಡುವಂತೆ ಮಾಡಿದ್ದಾಯಿತು.

ಬಿತ್ತುವ ದಿನ ಬೆಳಗ್ಗೆ ಊರಿಗೆ ಊರೇ ದೂರದ ಏರಿಯ ಮೇಲೆ ನಿಂತಿತ್ತು. ಬದುವಿನ ಮೇಲೆ ದೇಸಾಯರು ಸ್ಪೀಕರು ಇಟ್ಟುಕೊಂಡು ನಿಂತಿದ್ದರು. ಯಾರೂ ಹೇಳದಿದ್ದರೂ ತಮ್ಮ ಬೂಟುಗಳನ್ನು ಕಳಚಿದ್ದರು. ಮಣ್ಣಿನ ಕಂಪನ ಹಿಡಿಯುವ ಕಡ್ಡಿಗಳನ್ನು ಹೊಲದ ಅಂಚಿಗೆ ಚುಚ್ಚಿದ್ದರಿಂದ ಹೊಲದ ಎಲ್ಲ ಗಡ್ಡೆಗಳ ಟಿಕ್ ಟಿಕ್ ಒಟ್ಟಿಗೆ ಕೇಳುತ್ತಿತ್ತು, ಬಿಸಿ ಹಂಚಿನ ಮೇಲೆ ಜೋಳ ಅರಳುವ ಹಾಗೆ. ನೀಲವ್ವ ಮಗಳ ಉಡಿಗೆ ಬಿಳಿಜೋಳ ತುಂಬಿದಳು. ಮೌನುದ್ದೀನನ ಕಡೆ ನೋಡಲಿಲ್ಲ. ಅವನು ತನ್ನ ಬೂಟುಗಳನ್ನು ಬದುವಿನ ಮೇಲೆ ಜೋಡಿಸಿಟ್ಟು ನೊಗಕ್ಕೆ ಕೈಮುಟ್ಟಿ ಹಣೆಗೊತ್ತಿಕೊಂಡ. ಎತ್ತು ಹೊರಟವು.

ಮಣ್ಣು ತಂಪಾಗಿತ್ತು. ಮಹಾನಂದಾ ಕೂರಿಗೆಯ ಬಟ್ಟಲನ್ನಷ್ಟೇ ನೋಡುತ್ತ ಬೀಜ ಬಿಟ್ಟಳು. ಹಿಂದೆ ಸ್ಪೀಕರಿನ ಸದ್ದು ಏರುತ್ತ ಹೋಯಿತು. ಸಾವಿರ ಕಿವಿಗಳು ತಮ್ಮ ಕಡೆ ತಿರುಗಿದ್ದು ಅವಳ ಮೈಗೆ ಗೊತ್ತಾಗುತ್ತಿತ್ತು. ಬಸಲಿಂಗ ಬಿದ್ದ ಕುಳಿಯ ಪಕ್ಕ ಬಂದಾಗ ಅವಳ ಎಡಗಾಲಿನ ಹಿಮ್ಮಡಿಗೆ ಜಾಲಿ ಮುಳ್ಳು ಹೊಕ್ಕಿತು. ಅದು ಒಳಗೆ ಇಳಿದದ್ದೂ ಅಲ್ಲೇ ಮುರಿದದ್ದೂ ಅವಳಿಗೆ ತಿಳಿಯಿತು. ಬಾಯಿಂದ ಸಣ್ಣ ಸದ್ದು ಹೊರಟಿತು.

"ಏನಾತ್ರೀ ಅಕ್ಕಾರ?" ಮೌನುದ್ದೀನ ತಿರುಗದೆ ಕೇಳಿದ.

"ಏನಿಲ್ಲ. ಹೊಡಿ."

ಕಾಲು ಮೇಲೆತ್ತಿ ಹಾರಿ ನಡೆಯಬೇಕು ಎನಿಸುತ್ತಿತ್ತು. ಕುಂಟಿದರೆ ಮುಗಿಯಿತು. ಅವಳು ಮುಳ್ಳಿನ ಮೇಲೆಯೇ ಪೂರ್ತಿ ಭಾರ ಹಾಕಿ ಹೆಜ್ಜೆಯಿಟ್ಟಳು, ಮತ್ತೆ ಇಟ್ಟಳು. ಕಣ್ಣಲ್ಲಿ ನೀರು ತುಂಬಿ ಬಟ್ಟಲು ಎರಡಾಗಿ ಕಂಡಿತು. ತಮ್ಮ ಈ ಮುಳ್ಳಿಗೆ ಹೆದರಿ ಬೂಟು ಹಾಕಿದ್ದ ಎಂಬುದು ನೆನಪಾಯಿತು. ತಾನು ಕಾಣದ ಬೀಬಿಜಾನ್ ಎಂಬ ಹೆಂಗಸು ಉಡಿಯಲ್ಲಿ ಮರಳು ಹೊತ್ತು ಗೊಣಗುತ್ತ ತನ್ನ ಮುಂದೆ ನಡೆಯುತ್ತಿದ್ದಾಳೆ, ಅವಳ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟರಾಯಿತು ಎಂದುಕೊಂಡಳು. ಹಾಗೆಯೇ ನಡೆದಳು. ಒಂದು ಸಾಲು ಮುಗಿಯಿತು. ಎತ್ತು ತಿರುಗಿದವು. ಎರಡನೆಯ ಸಾಲಿನ ನಡುವೆ ಎಲ್ಲೋ ಮೂರು ಮೆಲ್ಲನೆಯ ಮಿಡಿತ ಕೇಳಿತು. ಅದಕ್ಕೆ ಓಗೊಟ್ಟಂತೆ ಇನ್ನೊಂದು ಕಡೆ ಮೂರು ಮಿಡಿತ, ಅದರಾಚೆ ಮತ್ತೆ ಮೂರು. ನಮ್ಮವರು ಬಂದರು ಎಂಬ ಸುದ್ದಿ ಮಣ್ಣಿನೊಳಗೆ ಬದುವಿನಿಂದ ಬದುವಿಗೆ ಹೋಗುವುದನ್ನು ಏರಿಯ ಮೇಲಿನ ಜನ ಕೇಳಿದರು. ಆಮೇಲೆ ಸ್ಪೀಕರಿನಲ್ಲಿ ಏನೂ ಕೇಳಲಿಲ್ಲ. ಹೊಲದ ಮೇಲೆ ಕೂರಿಗೆಯ ಕಿರುಗುಟ್ಟುವ ಸದ್ದು ಮಾತ್ರ ಉಳಿಯಿತು.

ದೇಸಾಯರು ಬಿಳಿ ಟವೆಲು ಬೀಸಿದರು. ಅದನ್ನು ಕಂಡರೂ ಇಬ್ಬರೂ ನಿಲ್ಲಲಿಲ್ಲ, ಹಿಡಿದ ಸಾಲು ಮುಗಿಸಿಯೇ ನಿಂತರು. ಬಿತ್ತುವವರು ಅರ್ಧ ಸಾಲಿಗೆ ನಿಲ್ಲುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೇಂದ್ರದವರು ಮಲಗಿದ ಗಡ್ಡೆಗಳನ್ನು ಗೆಣಸು ಕಿತ್ತಂತೆ ಕಿತ್ತು ರಾಶಿ ಹಾಕತೊಡಗಿದ್ದರು. ಏರಿಯ ಮೇಲಿದ್ದವರಲ್ಲಿ ಅರ್ಧ ಜನ ಅಳುತ್ತಿದ್ದರು, ಅರ್ಧ ಜನ ಕುಂಟೆ ಹೊಡೆದು ಹರಗದ ಹೊಲಕ್ಕೆ ಬಿತ್ತಿದರೆ ಎಷ್ಟು ಬೆಳೆದೀತು ಎಂದು ವಾದಿಸುತ್ತಿದ್ದರು. ನೀಲವ್ವ ಮಗಳನ್ನು ಬದುವಿನ ಮೇಲೆ ಕೂರಿಸಿ, ಸೀರೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಹಿಮ್ಮಡಿಯ ಮುಳ್ಳು ಕಿತ್ತಳು. ಮುಳ್ಳನ್ನು ಅಂಗೈಯಲ್ಲಿಟ್ಟು ನೋಡಿದಳು. ಆಮೇಲೆ ಎದ್ದು ಊರ ಕಡೆ ಹೊರಟಳು.

ಮೌನುದ್ದೀನ ಎತ್ತುಗಳಿಗೆ ನೀರು ಕುಡಿಸಿ ಬಂದು ಬದುವಿನ ಮೇಲೆ ಹುಡುಕಾಡಿದ. ದೇಸಾಯರ ಬೂಟು ಇದ್ದವು, ಮಹಾನಂದಾಳವು ಇದ್ದವು, ಅವನವು ಇರಲಿಲ್ಲ. ದೂರದ ದಾರಿಯಲ್ಲಿ ನೀಲವ್ವ ಕಾಲೆಳೆಯುತ್ತ ಹೋಗುತ್ತಿದ್ದಳು. ಅವಳ ಕಂಕುಳಲ್ಲಿ ಎರಡು ಕರಿ ಬೂಟುಗಳಿದ್ದವು. ಅವನು ಓಡಿಹೋಗಿ ಅವಳಿಗಿಂತ ನಾಲ್ಕು ಹೆಜ್ಜೆ ಹಿಂದೆಯೇ ನಿಂತ.

"ಅವ್ವಾರ, ನನ್ನ ಬೂಟು."

ನೀಲವ್ವ ತಿರುಗಿ ನೋಡಲಿಲ್ಲ.

"ಮನ್ಯಾಗ ಕೊಡ್ತೀನಿ, ನಡಿ ತಮ್ಮಾ. ರೊಟ್ಟಿ ಬಡದಿಟ್ಟೀನಿ. ಉಂಡು ಹಾಕ್ಕೊಂಡು ಹೋಗುವಂತಿ."

ಅವನು ಬರಿಗಾಲಲ್ಲಿ ಅವಳ ಹಿಂದೆ ನಡೆದ. ಮಹಾನಂದಾ ಖಾಲಿ ಉಡಿಯನ್ನು ಝಾಡಿಸಿಕೊಂಡು ಎದ್ದು, ಹತ್ತಿರದ ದಾರಿಯೆಂದು ಹೊಲವನ್ನೇ ಅಡ್ಡ ಹಾಯ್ದು ಹೊರಟಳು. ಹಿಮ್ಮಡಿ ಉರಿಯುತ್ತಿತ್ತು, ಕುಂಟುತ್ತಲೇ ನಡೆದಳು. ಈಗ ಎಷ್ಟು ಕುಂಟಿದರೂ ಕೇಳುವವರು ಯಾರೂ ಇರಲಿಲ್ಲ.